ಬಾಚಣಿಗೆ ಯಂತ್ರದ ಹಾಜರಿ

ಫ್ರೆಂಚ್ ಯಂತ್ರಗಳು ಈ ಭೂಮಿಯ ಮೇಲೆ ಯಾರಿಗಾದರೂ ಹೆದರುತ್ತವೆ ಎಂದರೆ ಅದು ನನಗೆ ಮಾತ್ರ. ಅವುಗಳ ಕೈಪಿಡಿಗಳನ್ನು ಇಂಗ್ಲಿಷಿಗೆ ತಿರುಗಿಸುವವನು ನಾನು. ನಾನು ಮೇಜಿನ ಮುಂದೆ ಕೂತು ಪೆನ್ನಿನ ಮುಚ್ಚಳ ತೆಗೆದರೆ ಸಾಕು, ಎಲ್ಲೋ ಗೋದಾಮಿನಲ್ಲಿ ತುಕ್ಕು ಹಿಡಿದು ಮಲಗಿದ್ದ ಪಂಪು ಎದ್ದು ಕೂತು ಒಂದು ಸುತ್ತು ತಿರುಗಿ ತೋರಿಸುತ್ತದೆ. ನನ್ನ ಹೆಂಡತಿ ಇದನ್ನು ನಂಬುವುದಿಲ್ಲ. ಮನೆಯ ಮಿಕ್ಸಿ ಕೆಟ್ಟು ಕೂತಾಗಲೆಲ್ಲ, "ಇದರ ಮುಂದೂ ಒಂಚೂರು ಮುಚ್ಚಳ ತೆಗೀರಿ ನೋಡೋಣ" ಅನ್ನುತ್ತಾಳೆ. ಹಿತ್ತಲ ಗಿಡ ಮದ್ದಲ್ಲ, ಏನು ಮಾಡುವುದು.

ಈ ವಿದ್ಯೆ ನನಗೆ ಸುಮ್ಮನೆ ಒಲಿದದ್ದಲ್ಲ. ಹರೆಯದಲ್ಲಿ ಹಡಗುಕಟ್ಟೆಯಲ್ಲಿ ಫ್ರೆಂಚ್ ಎಂಜಿನಿಯರುಗಳ ಹಿಂದೆ ಚೀಲ ಹೊತ್ತು ಓಡಾಡಿದವನು. ಅವರು ಬೈದದ್ದೆಲ್ಲ ನನಗೆ ಪಾಠ. ಕೊನೆಕೊನೆಗೆ ಅವರಿಗೇ ಬೈಗುಳ ಮರೆತುಹೋದಾಗ ನನ್ನನ್ನು ಕೇಳಿ ಬೈಯುತ್ತಿದ್ದರು. ಪ್ಲಾಸ್ಟಿಕ್ ಅಚ್ಚಿನ ಕೆಲಸದಲ್ಲಿ, ಕರಗಿದ ಮಾಲು ಅಚ್ಚಿಗೆ ಇಳಿಯುವ ದಾರಿಯಲ್ಲೇ ಗಟ್ಟಿಯಾಗಿ ಉಳಿಯುವ ಮೊನಚು ತುಂಡನ್ನು ಅವರು ಕ್ಯಾರೆಟ್ ಎಂದು ಕರೆಯುತ್ತಾರೆ. ಅಂಚಿನಲ್ಲಿ ಒಸರಿ ನಿಂತ ಸಿಬಿರಿಗೆ ಜೊಲ್ಲಿನ ಹೆಸರು. ಬೇರೆ ಯಾರ ಕೈಗಾದರೂ ಸಿಕ್ಕಿದ್ದರೆ ಅಡುಗೆ ಪುಸ್ತಕವೋ ಮಕ್ಕಳ ವೈದ್ಯದ ಪುಸ್ತಕವೋ ಆಗಿ ಹೊರಬರುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡು ಸರಿಯಾದ ಇಂಗ್ಲಿಷ್ ಪದ ಇಡುತ್ತೇನೆ. ಒಂದೊಂದು ಸಲ ನಿದ್ದೆಯಲ್ಲೂ ಇಟ್ಟಿದ್ದೇನೆ.

ಇಷ್ಟೆಲ್ಲ ಹೇಳಿಕೊಂಡ ಬಾಯಲ್ಲಿ ಇನ್ನೊಬ್ಬರ ಉಪಕಾರ ನೆನೆಯುವುದು ಕಷ್ಟ. ಆದರೂ ಈ ಸಲ ನೆನೆಯದಿದ್ದರೆ ಅನ್ನ ಮೈಗೆ ಹತ್ತುವುದಿಲ್ಲ. ನೆನೆಯಬೇಕಾದದ್ದು ನನ್ನ ಮಾವನವರನ್ನು.

ಮಾವ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾರೆ. ತಲೆಯ ಮೇಲೆ ಒಂದು ಕೂದಲಿಲ್ಲ, ಬಾಯಲ್ಲಿ ಸ್ವಂತದ ಹಲ್ಲು ಅರ್ಧಕ್ಕರ್ಧ ಇಲ್ಲ, ಆದರೆ ಜೇಬಿನಲ್ಲಿ ಕೆಂಪು ಪೆನ್ನು ಇಲ್ಲದ ದಿನ ಇಲ್ಲ. ನಿವೃತ್ತಿಯಾದ ಮೇಲೆ ತಿದ್ದಲು ಮಕ್ಕಳು ಸಿಗದೆ ಸಿಕ್ಕಿದ್ದನ್ನೆಲ್ಲ ತಿದ್ದತೊಡಗಿದ್ದರು. ಕೆಮ್ಮಿನ ಔಷಧಿ ಬಾಟಲಿಯ ಚೀಟಿಯನ್ನು ತಿದ್ದಿ ಅಂಗಡಿಯವನಿಗೆ ವಾಪಸು ಕೊಟ್ಟು ಬಂದರು. ಬ್ಯಾಂಕಿನ ಗೋಡೆಯ ಮೇಲಿನ ಸೂಚನೆಗೆ ಅಂಕ ಹಾಕಿ ಬಂದರು. ಕಾವಲಿನವನು ಮನೆಯವರೆಗೂ ಜೊತೆಗೆ ಬಂದು ಬಿಟ್ಟುಹೋದ.

ಅವತ್ತೇ ಹೆಂಡತಿ ನನ್ನ ಮೇಜಿನ ಪಕ್ಕ ನಿಂತು ಹೇಳಿದಳು. "ಅಪ್ಪಂಗೂ ಏನಾದ್ರೂ ಕೆಲಸ ಕೊಡಿ. ಇಲ್ದಿದ್ರೆ ನಾಳೆ ಪೋಲೀಸ್ ಸ್ಟೇಷನ್ ಬೋರ್ಡು ತಿದ್ತಾರೆ."

ಹಾಗೆ ನನ್ನ ಅನುವಾದಗಳಿಗೆ ಹೊಳಪು ಕೊಡುವ ಕೆಲಸ ಮಾವನ ಪಾಲಿಗೆ ಬಂತು. ನಾನು ಬರೆಯುವುದು, ಮಾವ ತಿದ್ದುವುದು, ಹೆಂಡತಿ ಕಂಪ್ಯೂಟರಿನಲ್ಲಿ ಟೈಪ್ ಹೊಡೆಯುವುದು. ಮಾವನ ಇಂಗ್ಲಿಷಿಗೆ ಒಂದೇ ಧರ್ಮ.

"ಒಂದೇ ಪುಟದಲ್ಲಿ ಒಂದೇ ಪದಾನ ಎರಡು ಸಲ ಬಳಸೋನೂ ಒಂದೇ ಅಂಗೀನ ವಾರಪೂರ್ತಿ ಹಾಕ್ಕೊಳ್ಳೋನೂ ಒಂದೇ, ಅಳಿಯಂದ್ರೇ. ದೂರದಿಂದ್ಲೇ ವಾಸನೆ ಬರುತ್ತೆ."

ಅವರ ಹತ್ತಿರ ಕಲಿತ ಹುಡುಗರು ಇಂದಿಗೂ ಮಳೆ ಬಂತು ಎನ್ನಲು ಬಾಯಿ ತೆರೆದರೆ ಹನ್ನೊಂದು ಪದಗಳು ನೂಕುನುಗ್ಗಲಲ್ಲಿ ನಿಲ್ಲುತ್ತವಂತೆ. ಅಷ್ಟರಲ್ಲಿ ಮಳೆ ನಿಂತಿರುತ್ತದೆ.

ಮೊದಲು ಸಿಕ್ಕಿದ ದೊಡ್ಡ ಕೆಲಸ ನನ್ನ ಅಕ್ಕನದೇ. ಅಕ್ಕ ಬಹಳ ಕಾಲ ಒಂದು ದೊಡ್ಡ ಫ್ಯಾಕ್ಟರಿಯಲ್ಲಿ ಬಾಚಣಿಗೆಗಳ ಹಲ್ಲು ಪರೀಕ್ಷಿಸುವ ಸಾಲಿನಲ್ಲಿ ನಿಂತವಳು. ಅಲ್ಲಿನ ಮೇಲ್ವಿಚಾರಕನೋ, ಹೆಂಗಸರು ನೀರು ಕುಡಿಯಲು ಹೋದರೂ ಗಡಿಯಾರ ನೋಡುವ ಪುಣ್ಯಾತ್ಮ. ಒಂದು ದಿನ ಅಕ್ಕ ಅವನ ಕೈಗೆ ಒಂದು ಬಾಚಣಿಗೆ ಕೊಟ್ಟು, "ಇದರಲ್ಲಿ ತಲೆ ಬಾಚ್ಕೊಂಡು ಒಳಗೆ ಏನಾದ್ರೂ ಇದೆಯಾ ನೋಡ್ಕೊ" ಎಂದು ಹೇಳಿ ಹೊರಗೆ ಬಂದಳು. ಟೈರ್ ಅಂಗಡಿಯ ಹಿಂದೆ ತಗಡಿನ ಷೆಡ್ಡು ಹಿಡಿದು, ತನ್ನ ಜೊತೆ ಕೆಲಸ ಬಿಟ್ಟು ಬಂದ ಹೆಂಗಸರನ್ನು ಕಟ್ಟಿಕೊಂಡು ಸ್ವಂತ ಬಾಚಣಿಗೆ ಮಾಡತೊಡಗಿದಳು. ಹಳೆಯ ಯಂತ್ರ ಉಸಿರು ಬಿಟ್ಟಾಗ, ಮುಚ್ಚಿಹೋದ ಇನ್ನೊಂದು ಕಾರ್ಖಾನೆಯಿಂದ ಈ ಫ್ರೆಂಚ್ ಯಂತ್ರ ತಂದಳು. ಜೊತೆಗೆ ಬಂದ ಕೈಪಿಡಿ ಪೂರ್ತಿ ಫ್ರೆಂಚಿನಲ್ಲಿ. ಅವಳ ಫಿಟ್ಟರಿಗೆ ಓದಲು ಬರುತ್ತಿದ್ದದ್ದು ಇಂಗ್ಲಿಷ್ ಕೈಪಿಡಿ ಮಾತ್ರ.

ಅಂಗಡಿಗಳ ಸಾಲನ್ನೇ ನಡೆಸುವ ಒಬ್ಬ ಖರೀದಿದಾರಳು ಯಂತ್ರ ಓಡುವುದನ್ನು ಕಣ್ಣಾರೆ ಕಂಡರೆ ಮಾತ್ರ ವರ್ಷವಿಡೀ ಮಾಲು ಕೊಳ್ಳುತ್ತೇನೆ ಎಂದಿದ್ದಳು. ಅದು ತಪ್ಪಿದರೆ ಷೆಡ್ಡಿಗೆ ಬೀಗ. ಅಕ್ಕ ಆ ಹೆಂಗಸರನ್ನೆಲ್ಲ ಕರೆದುಕೊಂಡು ಅದೇ ಮೇಲ್ವಿಚಾರಕನ ಬಾಗಿಲಲ್ಲಿ ಕೈಕಟ್ಟಿ ನಿಲ್ಲಬೇಕು. "ಅವನ ಮುಂದೆ ಹೋಗಿ ನಿಲ್ಲೋದಕ್ಕಿಂತ ನಾನು ಬೋಳಿಸ್ಕೊಂಡು ಬಾಚಣಿಗೆ ಮಾರ್ತೀನಿ ಕಣೋ" ಅನ್ನುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು, ಆದರೆ ಆ ನಗು ಕಣ್ಣಿನವರೆಗೆ ಹೋಗುತ್ತಿರಲಿಲ್ಲ.

ನಾನು ಆ ಕೈಪಿಡಿಯನ್ನು ಅನುವಾದ ಮಾಡಿದ ವೇಗಕ್ಕೆ ಮೇಜಿನ ಕಾಲು ಬಿಸಿಯಾಯಿತು. ಮಾವ ತಿದ್ದಿದ ಸೊಗಸಿಗೆ ಪುಟಗಳು ಕೆಂಪೇರಿದವು. ಹೆಂಡತಿ ಟೈಪ್ ಹೊಡೆದು ಮುಗಿಸಿದಾಗ, "ಒಂದ್ಸಲ ಓದಿಬಿಡಿ" ಎಂದಳು. ನಾನು ಬರೆದು ಮಾವ ತಿದ್ದಿದ್ದನ್ನು ಮತ್ತೆ ಓದುವುದೆಂದರೆ ಸೂರ್ಯನಿಗೆ ದೀಪ ಹಿಡಿದ ಹಾಗೆ. ನೇರ ಅಕ್ಕನಿಗೆ ಕಳಿಸಿದೆ.

ಖರೀದಿದಾರಳು ಬರುವ ಹಿಂದಿನ ದಿನ ಬೆಳಿಗ್ಗೆ ಅಕ್ಕನ ಫೋನು ಬಂತು.

"ನಿನ್ನ ಯಂತ್ರ ಸತ್ತ ಎಮ್ಮೆ ಥರ ಬಿದ್ದಿದೆ. ನಾಳೆ ಅವರು ಬರ್ತಾರೆ. ನಿನ್ನ ಪುಸ್ತಕ ತಗೊಂಡು ಬಾ."

"ಯಂತ್ರ ನಂದಲ್ಲ ಅಕ್ಕಾ."

"ಓಡ್ತಾ ಇದ್ದಿದ್ರೆ ನಂದೇ ಅಂತಿದ್ದೆ."

ಫ್ರೆಂಚ್ ಮೂಲವನ್ನು ಚೀಲಕ್ಕೆ ಹಾಕಿಕೊಂಡೆ. ಮಾವ ತಾವೂ ಬರುತ್ತೇನೆ ಎಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೆಂಪು ಪೆನ್ನಿನ ಕ್ಲಿಪ್ಪನ್ನು ಜೇಬಿಗೆ ನೇರವಾಗಿ ಸಿಕ್ಕಿಸಿಕೊಂಡರು. ತಾವು ತಿದ್ದಿದ ಪುಸ್ತಕವನ್ನು ಜನ ಕೈಯಲ್ಲಿ ಹಿಡಿದು ಕೆಲಸ ಮಾಡುವುದನ್ನು ನೋಡಬೇಕಂತೆ. ಆಟೋದಲ್ಲಿ ಮದುವೆ ಮನೆಗೆ ಹೊರಟವರ ಹಾಗೆ ಕೂತಿದ್ದರು.

ಷೆಡ್ಡಿನಲ್ಲಿ ಬಿಸಿ ಪ್ಲಾಸ್ಟಿಕ್ಕಿನ ವಾಸನೆ. ಗೋಡೆಗೆ ಒರಗಿಸಿದ ಕಾಳಿನ ಮೂಟೆಗಳು. ಸಾಸಿವೆಗಿಂತ ಒಂದಿಷ್ಟು ದಪ್ಪಗಿರುವ ಪ್ಲಾಸ್ಟಿಕ್ ಕಾಳು. ಹೆಂಗಸರು ಮಣೆಯ ಮೇಲೆ ಕೈಕಟ್ಟಿ ಕೂತಿದ್ದರು. ಅವರ ಕೈಗೆ ಕೆಲಸವಿಲ್ಲದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ನಡುವೆ ಯಂತ್ರ, ಅದರ ಪಕ್ಕದಲ್ಲಿ ಸ್ಪ್ಯಾನರ್ ಮಾಮ.

ಸ್ಪ್ಯಾನರ್ ಮಾಮ ಅಕ್ಕನ ಫಿಟ್ಟರು. ಅವರಿಗೂ ನನ್ನಷ್ಟೇ ದೊಡ್ಡ ಬಾಯಿ. ತಾನು ಮುಟ್ಟಿದರೆ ಸತ್ತ ಮೋಟಾರು ಕೆಮ್ಮಿ ಎದ್ದು ಕೂರುತ್ತದೆ ಅನ್ನುವವರು. ನಾವಿಬ್ಬರೂ ಒಂದೇ ಷೆಡ್ಡಿನಲ್ಲಿ ನಿಂತರೆ ಉಳಿದವರಿಗೆ ಗಾಳಿ ಸಾಲುವುದಿಲ್ಲ.

"ಬಂದ್ರಾ ಪಂಡಿತ್ರು" ಎಂದರು. "ಮೊದಲು ನನ್ನ ಊಟದ ಡಬ್ಬಿ ಬಿಡಿಸಿಕೊಡಿ. ಬಿಸಿಯಾಗಿರ್ಲಿ ಅಂತ ಅಚ್ಚಿನ ಪಕ್ಕ ಇಟ್ಟಿದ್ದೆ. ಬಾಗಿಲು ತೆಗೆಯೋಕಾಗ್ತಿಲ್ಲ."

ಯಂತ್ರದ ಅಚ್ಚಿನ ಮುಂದೆ ಒಂದು ಜಾರುವ ಬಾಗಿಲು ಇರುತ್ತದೆ, ಕೈ ಸಿಕ್ಕದಿರಲಿ ಎಂದು. ಅದು ಪೂರ್ತಿ ಮುಚ್ಚಿ ಚಿಲಕ ಕೂತರೆ ಹಸಿರು ದೀಪ ಹತ್ತುತ್ತದೆ, ಆಮೇಲೆ ಯಂತ್ರ ಓಡುತ್ತದೆ. ಈಗ ಆ ಬಾಗಿಲು ಮುಕ್ಕಾಲು ಮುಚ್ಚಿ ಅಲ್ಲೇ ಬಿಗಿದು ನಿಂತಿತ್ತು. ಅದರ ಅಂಚಿನಲ್ಲಿ ಹೊಳೆಹೊಳೆಯುವ ಹೊಸ ಕಬ್ಬಿಣದ ಕೊಂಡಿಗಳು, ಮದುವೆ ಹೆಣ್ಣಿನ ಬಳೆಯ ಹಾಗೆ.

"ಇವೆಲ್ಲ ಏನು?"

"ನಿಮ್ಮ ಪುಸ್ತಕದಲ್ಲಿ ಇರೋವೇ." ಸ್ಪ್ಯಾನರ್ ಮಾಮ ನಮ್ಮ ಕೈಪಿಡಿಯನ್ನು ಬಿಡಿಸಿ ಎಣ್ಣೆ ಬೆರಳಿಟ್ಟರು. "ಲ್ಯಾಚನ್ನು ಬಲಕ್ಕೆ ತಳ್ಳಿ ಅಂತೀರಿ. ಕ್ಯಾಚ್ ಕೂತ ಮೇಲೆ ದೀಪ ಹತ್ತುತ್ತೆ ಅಂತೀರಿ. ಬೋಲ್ಟ್ ಮೇಲೆ ಬಲ ಹಾಕಬೇಡಿ, ಕ್ಲಾಸ್ಪಿಗೆ ಎಣ್ಣೆ ಬಿಡಿ. ನಾಲ್ಕಾಯ್ತಲ್ಲ? ಯಂತ್ರದಲ್ಲಿ ಇದ್ದಿದ್ದು ಒಂದೇ. ಮಿಕ್ಕ ಮೂರನ್ನ ಮಾರಿದೋನು ಕಿತ್ಕೊಂಡಿದಾನೆ. ಬಾಗಿಲು ಭದ್ರ ಇಲ್ದೆ ಚಾಲೂ ಮಾಡಿ ಈ ಹೆಣ್ಮಕ್ಕಳ ಬೆರಳು ತೆಗೀಲಾ? ಅದಕ್ಕೇ ಲೇತ್ ಮೆಷಿನ್ನಲ್ಲಿ ಕಬ್ಬಿಣ ಕಡೆದು ನಾನೇ ಮೂರನ್ನೂ ಮಾಡಿ ಹಾಕ್ದೆ. ಎಂಥಾ ಕೆಲಸ ನೋಡಿ, ಫ್ರೆಂಚರೂ ಮಾಡಲಾರರು."

ಫ್ರೆಂಚರು ಮಾಡಿರಲೂ ಇಲ್ಲ. ಆ ನಾಲ್ಕೂ ಹೆಸರು ಒಂದೇ ಚಿಲಕದವು. ನಾನು ಬರೆದದ್ದು ಎಲ್ಲ ಕಡೆಯೂ ಲ್ಯಾಚ್. ಒಂದೇ ಅಂಗಿಯನ್ನು ವಾರವಿಡೀ ಹಾಕುವುದು ಬೇಡವೆಂದು ಮಾವ ಪ್ರತಿ ಸಾಲಿಗೂ ಹೊಸ ಅಂಗಿ ತೊಡಿಸಿದ್ದರು. ಆ ಮೂರು ಹೊಸ ಕೊಂಡಿಗಳು ಅಡ್ಡ ಬಂದೇ ಬಾಗಿಲು ಮುಚ್ಚದೆ ನಿಂತಿತ್ತು.

ಮಾವ ಆಗಲೂ ಮುಗುಳ್ನಗುತ್ತ ನಿಂತಿದ್ದರು. ಎಣ್ಣೆ ಹತ್ತಿದ ಪುಟದಲ್ಲಿ ತಮ್ಮ ವಾಕ್ಯಗಳನ್ನು ನೋಡಿ ಸಂತೋಷಪಡುತ್ತಿದ್ದರು. ಸುಳ್ಳು ಹೇಳುವುದರಲ್ಲಿ ನನಗೆ ಸರಿಸಾಟಿ ಇಲ್ಲ. ಅರೆಕ್ಷಣದಲ್ಲಿ ಒಂದನ್ನು ಹೆಣೆದೆ.

"ಇದು ಫ್ರೆಂಚರ ಯಡವಟ್ಟು ಅಕ್ಕಾ. ಅವರ ಮೂಲದಲ್ಲೇ ಗೊಂದಲ ಇದೆ. ಆ ಜನಾನೇ ಹಾಗೆ."

"ಮೂಲ ತಂದಿದೀರಲ್ಲ, ಕೊಡಿ ಇಲ್ಲಿ" ಎಂದರು ಮಾವ.

ಕೊಡದೆ ಇರುವುದು ಹೇಗೆ? ಕೊಟ್ಟೆ. ಮಾವನಿಗೆ ಫ್ರೆಂಚಿನ ಗಂಧವಿಲ್ಲ. ಒಂದು ಮೂಟೆಯ ಮೇಲೆ ಕೂತು, ಕನ್ನಡಕ ಸರಿಮಾಡಿಕೊಂಡು, ಬಾಗಿಲಿನ ಚಿತ್ರವಿದ್ದ ಪುಟ ಹುಡುಕಿ, ಒಂದು ಪದದ ಮೇಲೆ ಬೆರಳಿಟ್ಟರು.

"ಇದನ್ನ ಹೇಗೆ ಓದ್ತೀರಿ?"

"ವೆರೂ. ಚಿಲಕ ಅಂತ ಅರ್ಥ."

"ಇದು?"

"ಅದೂ ವೆರೂ."

"ಈ ಕೆಳಗಡೆ?"

ಅದೂ ಅದೇ ಎಂದೆ. ಮಾವನ ಬೆರಳು ಪುಟದುದ್ದಕ್ಕೂ ಇಳಿಯುತ್ತ ಹೋಯಿತು. ಅಕ್ಷರ ಹೋಲಿಸುವುದಕ್ಕೆ ಭಾಷೆ ಬರಬೇಕಿಲ್ಲ. ಅವರು ಪುಟ ತಿರುವಿದರು, ಮತ್ತೊಂದು ತಿರುವಿದರು. ಎಲ್ಲ ಕಡೆಯೂ ಅದೇ ವೆರೂ, ಬಾಗಿಲಿನಲ್ಲಿ ಒಂದೇ ಚಿಲಕ ಇರುವಷ್ಟೇ ನಿಯತ್ತಾಗಿ.

"ಇದನ್ನ ಬರೆದ ಮನುಷ್ಯನಿಗೆ ಬೇರೆ ಪದ ಗೊತ್ತಿರಲಿಲ್ವಾ?"

"ಗೊತ್ತಿತ್ತು ಮಾವ. ಆ ಭಾಷೇಲೂ ಬೇಕಾದಷ್ಟಿವೆ."

"ಗೊತ್ತಿದ್ದೂ ಬರೀಲಿಲ್ಲ." ಅವರ ಮುಖದ ಮುಗುಳ್ನಗೆ ಯಾವಾಗ ಇಳಿಯಿತೋ ನಾನು ನೋಡಲಿಲ್ಲ. ಸ್ವಲ್ಪ ಹೊತ್ತು ಯಂತ್ರದ ಬಾಗಿಲನ್ನೇ ನೋಡಿದರು, ಆಮೇಲೆ ಮಣೆಯ ಮೇಲೆ ಕೂತಿದ್ದ ಹೆಂಗಸರ ಕೈಗಳನ್ನು. "ಕ್ಲಾಸಲ್ಲಿ ಹಾಜರಿ ಕೂಗುವಾಗ ನಾನು ಒಬ್ಬ ಹುಡುಗನ್ನ ನಾಲ್ಕು ಹೆಸರಲ್ಲಿ ಕರೆದಿದ್ರೆ ಏನಾಗ್ತಿತ್ತು? ಒಬ್ಬ ಎದ್ದು ನಿಲ್ತಿದ್ದ. ಮೂರು ಜನ ಗೈರುಹಾಜರು."

ಸ್ಪ್ಯಾನರ್ ಮಾಮ ತಮ್ಮ ಮೂರು ಕೊಂಡಿಗಳನ್ನು ನೋಡಿದರು. "ಆ ಮೂವರನ್ನೇ ನಾನು ಲೇತಲ್ಲಿ ಹುಟ್ಟಿಸ್ಬಿಟ್ಟೆ ಅನ್ನಿ, ಮೇಷ್ಟ್ರೇ."

ಅಕ್ಕ ನಗಬಾರದೆಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಆದರೂ ನಕ್ಕಳು. ಹೆಂಗಸರೂ ನಕ್ಕರು. ನಗು ಇಳಿದ ಮೇಲೆ ಅವಳು ಯಂತ್ರದ ಕಡೆ ನೋಡಿ, "ನಾಳೆ ಬೆಳಿಗ್ಗೆಗೆ ಆಗುತ್ತಾ ಮೇಷ್ಟ್ರೇ?" ಎಂದಳು. ನನ್ನನ್ನು ಕೇಳಲಿಲ್ಲ, ಗಮನಿಸಿ.

"ಸೀಮೆಸುಣ್ಣ ಇದೆಯಾಮ್ಮ?" ಎಂದರು ಮಾವ.

ಮೂಟೆಗಳಿಗೆ ಗುರುತು ಹಾಕುವ ಸೀಮೆಸುಣ್ಣ ಇತ್ತು. ಮಾವ ಅಂಗಿಯ ತೋಳು ಮಡಚಿ ಯಂತ್ರದ ಮುಂದೆ ನಿಂತರು. ಕಪ್ಪು ಹಲಗೆಯ ಮುಂದೆ ನಿಂತವರ ಹಾಗೆ ಕಾಲು ಅಗಲಿಸಿ, ಒಂದು ಭುಜ ನಮ್ಮ ಕಡೆಗೆ ತಿರುಗಿಸಿ. ನಾನು ಫ್ರೆಂಚ್ ಪುಸ್ತಕ ಹಿಡಿದು ಒಂದೊಂದೇ ಭಾಗದ ಹೆಸರು ಓದಬೇಕು, ಅದಕ್ಕೆ ಒಂದೇ ಒಂದು ಇಂಗ್ಲಿಷ್ ಹೆಸರು ಹೇಳಬೇಕು. ಮಾವ ಅದನ್ನು ಜೋರಾಗಿ ಕೂಗಬೇಕು. ಸ್ಪ್ಯಾನರ್ ಮಾಮ ಆ ಭಾಗವನ್ನು ಮುಟ್ಟಿ "ಹಾಜರ್" ಅನ್ನಬೇಕು. ಆಮೇಲೆ ಮಾವ ಅದರ ಮೈಮೇಲೆ ದುಂಡಗಿನ ಅಕ್ಷರದಲ್ಲಿ ಹೆಸರು ಬರೆಯಬೇಕು.

"ಲ್ಯಾಚ್."

"ಹಾಜರ್."

"ಹಾಪರ್."

"ಹಾಜರ್, ಮೇಷ್ಟ್ರೇ. ಕಾಳು ತುಂಬೋ ಹೊಟ್ಟೆ ಮಾತ್ರ ಖಾಲಿ. ನಂದೂ ಅಷ್ಟೇ."

"ತರಗತಿಯಲ್ಲಿ ಮಾತಿಲ್ಲ."

ಸ್ವಲ್ಪ ಹೊತ್ತಿಗೆ ಹೆಂಗಸರೂ ಸೇರಿಕೊಂಡು "ಹಾಜರ್" ಅನ್ನತೊಡಗಿದರು. ಮುಂದಿನ ಟೈರ್ ಅಂಗಡಿಯವನು ಇಲ್ಲಿ ರಾತ್ರಿಶಾಲೆ ಹಗಲಲ್ಲೇ ಶುರುವಾಯಿತೇ ಎಂದು ಇಣುಕಿ ನೋಡಿದ. ನಾನಂತೂ ಆಣೆ ಮಾಡಿ ಹೇಳುತ್ತೇನೆ, ಒಂದೆರಡು ಸಲ ಯಂತ್ರವೇ ಗಂಟಲು ಸರಿಮಾಡಿಕೊಂಡು ಉತ್ತರ ಕೊಟ್ಟಿತು.

ಪ್ರತಿ ಹಾಜರಿಯ ಬಳಿಕ ಮಾವ ನಮ್ಮ ಇಂಗ್ಲಿಷ್ ಕೈಪಿಡಿಯನ್ನು ತೆಗೆದುಕೊಂಡು, ಆ ಭಾಗಕ್ಕೆ ತಾವಿಟ್ಟಿದ್ದ ಬೇರೆ ಹೆಸರುಗಳನ್ನೆಲ್ಲ ಅದೇ ಕೆಂಪು ಪೆನ್ನಿನಲ್ಲಿ ಹೊಡೆದುಹಾಕುತ್ತಿದ್ದರು. ಆ ತಿದ್ದುಪಡಿಗಳಿಗೆ ಅವರು ಎಷ್ಟು ಮಧ್ಯಾಹ್ನಗಳನ್ನು ಸುರಿದಿದ್ದರೆಂದು ನನಗೆ ಗೊತ್ತು. ಕ್ಲಾಸ್ಪ್ ಎಂಬ ಪದದ ಮೇಲೆ ಪೆನ್ನು ಒಂದು ಚೂರು ನಿಂತಿತು. ಅದನ್ನು ಇಟ್ಟ ದಿನ ಊಟಕ್ಕೆ ಕೂತಾಗಲೂ ಅದನ್ನೇ ಹೊಗಳಿಕೊಂಡಿದ್ದರು. ಆಮೇಲೆ ಗೆರೆ ನೇರವಾಗಿ ಸಾಗಿತು. ಒಂದು ನೆಪ ಹೇಳಲಿಲ್ಲ, ಒಂದು ನಿಟ್ಟುಸಿರು ಬಿಡಲಿಲ್ಲ. ಎದುರಿಗೆ ನಿಂತು ಪುಸ್ತಕ ಓದುತ್ತಿದ್ದ ನಾನು ಒಂದೇ ಹೆಸರನ್ನು ಎರಡು ಸಲ ಓದಿದೆ. ಕಣ್ಣಿಗೆ ಪ್ಲಾಸ್ಟಿಕ್ ಹೊಗೆ ಎಂದೆ.

ಸ್ಪ್ಯಾನರ್ ಮಾಮ ತಮ್ಮ ಮೂರು ಕೊಂಡಿಗಳನ್ನು ಬಿಚ್ಚಿದರು. ಬಾಗಿಲು ಜಾರಿ ತೆರೆಯಿತು, ಡಬ್ಬಿ ಬಿಡುಗಡೆಯಾಯಿತು. ಮತ್ತೆ ಬಾಗಿಲು ಎಳೆದು ಇದ್ದ ಒಂದೇ ಲ್ಯಾಚನ್ನು ಬಲಕ್ಕೆ ತಳ್ಳಿದರು. ಟಕ್ ಎಂದಿತು. ಹಸಿರು ದೀಪ ಹತ್ತಿತು. ಕಾಳು ಸುರಿದು, ಬಿಸಿ ಏರಲು ಬಿಟ್ಟು, ಯಂತ್ರ ಚಾಲೂ ಮಾಡಿದರು. ಅದು ಗುರುಗುಟ್ಟಿ, ಒಮ್ಮೆ ಮುಚ್ಚಿ, ಒಮ್ಮೆ ತೆರೆದು, ಮೊದಲ ಬಾಚಣಿಗೆಯನ್ನು ಕೆಳಗಿನ ತಟ್ಟೆಗೆ ಉದುರಿಸಿತು.

ಅದರ ಹಲ್ಲು ಅರ್ಧಕ್ಕರ್ಧ ಇರಲಿಲ್ಲ.

ಅಕ್ಕನ ಮುಖ ಸಪ್ಪಗಾಯಿತು. ಮಾವ ಬಾಚಣಿಗೆಯನ್ನು ಎತ್ತಿ ಬೆಳಕಿಗೆ ಹಿಡಿದರು. "ನನ್ನದೇ ಅಚ್ಚು" ಎಂದು ತಮ್ಮ ಬಾಯಿ ತೆರೆದು ತೋರಿಸಿದರು. "ಮಾಲು ತುದೀವರೆಗೆ ಹರೀತಿಲ್ಲ ಅಂತ ಕಾಣುತ್ತೆ. ಶಾಖ ಸಾಕಾಗಿದೆಯೇನಪ್ಪಾ?"

"ಪುಸ್ತಕದಲ್ಲಿ ಮಾಲು ಕರಗಿಸೋ ಬ್ಯಾರೆಲ್ಲಿನ ಮುಂದಿನ ತುದಿಗೆ ಹೇಳಿದಷ್ಟು ಕೊಟ್ಟಿದೀನಿ" ಎಂದರು ಸ್ಪ್ಯಾನರ್ ಮಾಮ. "ಹಿಂದಿನ ಸಿಲಿಂಡರಿಗೂ ಕೊಡಿ ಅಂತಿದೆ. ಆ ಸಿಲಿಂಡರು ಎಲ್ಲಿದೆ ಅಂತ ಗೊತ್ತಾಗ್ಲಿಲ್ಲ. ಬಿಟ್ಟೆ."

ಅದು ನಾವಿನ್ನೂ ಹಾಜರಿ ಕೂಗದಿದ್ದ ಪುಟ. ನಾನು ಬಾಯಿ ತೆರೆಯುವ ಮೊದಲೇ ಮಾವ ಸೀಮೆಸುಣ್ಣ ಎತ್ತಿಕೊಂಡಿದ್ದರು. "ಅದು ಬೇರೆ ಹುಡುಗ ಅಲ್ಲ ಮಾಮ. ಬ್ಯಾರೆಲ್ಲೇ. ಅವನಿಗೂ ನಾನೇ ಇನ್ನೊಂದು ಹೆಸರಿಟ್ಟಿದ್ದು. ಹಿಂದಿನ ಭಾಗಕ್ಕೂ ಶಾಖ ಕೊಡಿ." ಕಬ್ಬಿಣ ಮುಟ್ಟಲಾಗದಷ್ಟು ಕಾದಿತ್ತು. ಪಕ್ಕದ ಚೌಕಟ್ಟಿನ ಮೇಲೆ ಹೆಸರು ಬರೆದು ಬಾಣದ ಗುರುತು ಹಾಕಿದರು.

ಶಾಖ ಏರಿತು. ಆಮೇಲೆ ಬಿದ್ದ ಬಾಚಣಿಗೆಗೆ ಈ ತುದಿಯಿಂದ ಆ ತುದಿಯವರೆಗೆ ಹಲ್ಲು. ಅದರ ಹಿಂದೆ ಇನ್ನೊಂದು, ಮತ್ತೊಂದು. ಹೆಂಗಸರು ಮಣೆ ಎಳೆದುಕೊಂಡು ಸಾಲಾಗಿ ಕೂತರು. ಯಾರೂ ಹೇಳದೆ ಕೈಗಳು ಕೆಲಸಕ್ಕೆ ಬಿದ್ದವು.

ಮರುದಿನ ಬೆಳಿಗ್ಗೆ ಖರೀದಿದಾರಳು ಬಂದಾಗ ನಾವೂ ಅಲ್ಲಿದ್ದೆವು. ಮಾತು ಕಡಿಮೆಯ ಹೆಂಗಸು. ತಟ್ಟೆಯಿಂದ ಒಂದು ಬಾಚಣಿಗೆ ಎತ್ತಿ ಬಿಲ್ಲಿನ ಹಾಗೆ ಬಗ್ಗಿಸಿದಳು, ಬಿಟ್ಟಳು. ತನ್ನ ಜಡೆ ಬಿಚ್ಚಿ ಬುಡದಿಂದ ತುದಿಯವರೆಗೆ ಬಾಚಿಕೊಂಡಳು. ಅವಳ ಕೂದಲು ಎಂಥದ್ದೆಂದರೆ ಅದರೊಳಗೆ ಹೊಕ್ಕ ಬಾಚಣಿಗೆಗಳೆಷ್ಟೋ ಮನೆಗೆ ಮರಳಿಲ್ಲ. ನಮ್ಮದು ಮರಳಿತು, ಒಂದು ಹಲ್ಲೂ ಬಾಗದೆ. ಯಂತ್ರದ ಮೈಮೇಲಿನ ಸುಣ್ಣದ ಅಕ್ಷರಗಳನ್ನು ನೋಡಿ, "ಇದೇನು, ಯಂತ್ರಕ್ಕೂ ಪಾಠ ಮಾಡಿಸ್ತೀರಾ?" ಎಂದಳು.

"ಮೇಷ್ಟ್ರನ್ನೇ ಇಟ್ಕೊಂಡಿದೀವಿ" ಎಂದಳು ಅಕ್ಕ.

ಒಪ್ಪಂದಕ್ಕೆ ಸಹಿ ಬಿತ್ತು. ಆ ಹೆಂಗಸು ಹೋದ ಮೇಲೆ ಅಕ್ಕ ಹಿಂದಿನ ದಿನದ ಮೊದಲ ಪೂರ್ತಿ ಹಲ್ಲಿನ ಬಾಚಣಿಗೆಯನ್ನು ತಂದು ಮಾವನ ಕೈಗಿಟ್ಟಳು. ಅವರ ಕೈಯನ್ನೇ ಹಿಡಿದುಕೊಂಡು ನಿಂತಳು. ಮೇಲ್ವಿಚಾರಕನ ಮುಂದೆ ಕೈಕಟ್ಟಲಾರೆ ಎಂದಿದ್ದ ಅಕ್ಕ.

"ಬೋಳುತಲೆಗೆ ಬಾಚಣಿಗೆ ಕೊಟ್ಟ ಮೊದಲನೇ ಮಾಲೀಕಳು ನೀನೇ ಇರಬೇಕು ಕಣಮ್ಮ" ಎಂದರು ಮಾವ. "ತಪ್ಪು ಮಾಡಿದೋನಿಗೆ ಬಹುಮಾನ ಬೇರೆ."

"ನೀವು ನಿನ್ನೆ ಬರದೆ ಇದ್ದಿದ್ರೆ ಇವನು ಇನ್ನೂ ಫ್ರೆಂಚರನ್ನ ಬೈತಾ ಕೂತಿರ್ತಿದ್ದ ಮೇಷ್ಟ್ರೇ" ಎಂದಳು ಅಕ್ಕ ನನ್ನ ಕಡೆ ತಿರುಗಿ. ನಿಜ. ನನ್ನ ಮಾತಿನ ಸೇತುವೆಯ ಮೇಲೆ ನಡೆದಿದ್ದರೆ ಅಕ್ಕ ನೇರವಾಗಿ ಆ ಮೇಲ್ವಿಚಾರಕನ ಬಾಗಿಲಿಗೇ ಹೋಗಿ ಇಳಿಯುತ್ತಿದ್ದಳು.

ಮನೆಗೆ ಬಂದ ಮೇಲೆ ಮಾವ ಫ್ರೆಂಚ್ ಕೈಪಿಡಿಯನ್ನು ಮತ್ತೊಮ್ಮೆ ಕೇಳಿ ತೆಗೆದುಕೊಂಡರು. ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಬರೆದವರ ಹೆಸರೇ ಇಲ್ವಲ್ಲ."

"ಕೈಪಿಡೀಲಿ ಹಾಕೋದಿಲ್ಲ ಮಾವ."

"ನಿಮ್ಮದೂ?"

"ನಂದೂ."

ಅವರು ಆ ಪುಸ್ತಕದ ಮೇಲೆ ಅಂಗೈ ಇಟ್ಟರು. "ಎಲ್ಲೋ ಕೂತು ಬರೆದಿದಾನೆ. ನಮ್ಮ ಸ್ಪ್ಯಾನರ್ ಮಾಮನ್ನ ಕಂಡಿಲ್ಲ, ಆ ಹೆಣ್ಮಕ್ಕಳನ್ನ ಕಂಡಿಲ್ಲ. ಆದರೂ ಓದೋನು ಎಲ್ಲಿ ಎಡವ್ತಾನೋ ಅಂತ ಒಂದೇ ಪದ ಹಿಡ್ಕೊಂಡು ಕೂತಿದಾನೆ. ನಾನು ಅವನನ್ನ ಪದಕ್ಕೆ ಗತಿಯಿಲ್ಲದೋನು ಅಂದ್ಕೊಂಡಿದ್ದೆ, ಅಳಿಯಂದ್ರೇ." ಎಂದವರೇ ಕೆಂಪು ಪೆನ್ನು ತೆಗೆದು ಕೊನೆಯ ಪುಟದ ಅಡಿಯಲ್ಲಿ ಹತ್ತಕ್ಕೆ ಹತ್ತು ಎಂದು ಬರೆದು ಸಹಿ ಹಾಕಿದರು. ಆ ಅಂಕವನ್ನು ನನಗೆ ಇದುವರೆಗೆ ಕೊಟ್ಟಿಲ್ಲ. ನನಗಿಂತ ದೊಡ್ಡ ಅನುವಾದಕ ಹುಟ್ಟಿಲ್ಲವಾದ್ದರಿಂದ ಅದಕ್ಕೆ ನಾನು ತಲೆ ಕೆಡಿಸಿಕೊಂಡಿಲ್ಲ. ಒಂದೆರಡು ದಿನ ಮಾತ್ರ ಕೆಡಿಸಿಕೊಂಡೆ.

ಈಗ ಒಂದು ಪಂಪಿನ ಕೈಪಿಡಿ ಬಂದಿದೆ. ಬೆಳಿಗ್ಗೆ ಕಾಫಿಯಾದ ಮೇಲೆ ಮಾವ ಎದುರಿಗೆ ಕೂರುತ್ತಾರೆ, ಜೇಬಿನಲ್ಲಿ ಕೆಂಪು ಪೆನ್ನು, ಅದರ ಪಕ್ಕದಲ್ಲಿ ಅಕ್ಕನ ಬಾಚಣಿಗೆ. ನಾನು ಬರೆದ ಪುಟ ಹಿಡಿದು ಹಾಜರಿ ಕೂಗುತ್ತಾರೆ. ಒಂದು ಭಾಗಕ್ಕೆ ಮೈಮರೆತು ಎರಡನೇ ಹೆಸರಿಟ್ಟಿದ್ದರೆ ನನ್ನನ್ನು ಎದ್ದು ನಿಲ್ಲಿಸುತ್ತಾರೆ. ನಿಲ್ಲುತ್ತೇನೆ. ಈ ವಯಸ್ಸಿನಲ್ಲಿ ನನ್ನನ್ನು ಎದ್ದು ನಿಲ್ಲಿಸುವವರು ಇದ್ದಾರಲ್ಲ ಎಂದು ಒಳಗೊಳಗೇ ಹಿಗ್ಗುತ್ತೇನೆ.

"ವಾಲ್ವ್."

"ಹಾಜರ್, ಮಾವ."

"ಪಿಸ್ಟನ್."

"ಹಾಜರ್."

"ಮಿಕ್ಸಿ" ಎಂದು ಅಡುಗೆಮನೆಯಿಂದ, ಮತ್ತೆ ಕೆಟ್ಟು ಕೂತದ್ದರ ಪಕ್ಕದಿಂದ, ಹೆಂಡತಿಯ ದನಿ.

ಮಾವ ಕನ್ನಡಕದ ಮೇಲಿಂದ ನನ್ನನ್ನು ನೋಡಿ ಪುಟ ಮಡಚಿದರು. "ಎದ್ದು ನಿಲ್ಲಿ, ಅಳಿಯಂದ್ರೇ."